ಹುಳಿಹಿಟ್ಟು

ಕ್ಲೈಪೇಡಾದ ಈ ಓಣಿಯಲ್ಲಿ ಹುಳಿಹಿಟ್ಟನ್ನು ಯಾರೂ ಕೊಳ್ಳುವುದಿಲ್ಲ.
ರೈ ರೊಟ್ಟಿಗೆ ಬೇಕಾದ ಒಂದು ಮುದ್ದೆ
ಪಕ್ಕದ ಮನೆಯಿಂದ ಬರುತ್ತದೆ, ಬಟ್ಟಲಲ್ಲಿ, ಒದ್ದೆ ಬಟ್ಟೆ ಹೊದ್ದು.
ಅವರಿಗೆ ಅದರಾಚೆಯ ಮನೆಯಿಂದ.
ಮೊದಲು ಹುಳಿಸಿದವಳು ಯಾರೆಂದರೆ
ನಗುತ್ತಾರೆ.

ನಾನು ಬರೆದ ನಾನೂರು ಸಾಲೂ ಹಾಗೇ ಹೋದವು.
ಯಾವ ಊರಲ್ಲಿ ಈಗ ಗಂಟೆ ಎಷ್ಟು,
ಅಷ್ಟೇ ಅವುಗಳ ಕೆಲಸ.
ಹಗಲೆಲ್ಲ ದೋಣಿಕಟ್ಟೆಯಲ್ಲಿ ಟಿಕೆಟು ಹರಿದು
ರಾತ್ರಿ ಬರೆದದ್ದು, ಹದಿನಾರು ವರ್ಷದ ಹಿಂದೆ,
ಯಾರಾದರೂ ಬಳಸಲಿ ಅಂತ.
ಬಳಸಿದರು. ರೈಲು, ಆಸ್ಪತ್ರೆ, ಬ್ಯಾಂಕು,
ಹೆಸರೇ ಕೇಳಿರದ ದ್ವೀಪವೊಂದರ ಹವಾಮಾನ ಕಚೇರಿ.
ಒಬ್ಬರೂ ‘ಸ್ಕಿರ್ಮಾಂತೆ, ಊಟ ಆಯ್ತಾ’ ಅನ್ನಲಿಲ್ಲ.
ಅಂದವನು ನೀನೊಬ್ಬನೇ.

ಹ್ಯಾಲಿಫ್ಯಾಕ್ಸಿನವನು ಅಂದೆ. ಟೋಬಿನ್ ಅಂದೆ.
ಮೊದಲು ಅಕ್ಷರದೋಷ ತಿದ್ದಿದೆ,
ಆಮೇಲೆ ಫೆಬ್ರವರಿ ಇಪ್ಪತ್ತೊಂಬತ್ತರ ಹಳೆಯ ತಪ್ಪು,
ನಾನು ಆರು ವರ್ಷ ಮುಂದೂಡಿದ್ದನ್ನು ಒಂದೇ ಸಂಜೆಯಲ್ಲಿ.
ಮಣಿಕಟ್ಟು ಊದಿಕೊಂಡ ಚಳಿಗಾಲ
‘ಬಿಸಿನೀರಲ್ಲಿ ಇಡು, ಇತ್ತ ನಾನು ನೋಡಿಕೊಳ್ಳುತ್ತೇನೆ’ ಎಂದು ಬರೆದೆ.
ಮೂರನೆಯ ವರ್ಷ ಕೀಲಿ ಕೊಟ್ಟೆ.
ಕೊಡುವಾಗ ಕೈ ನಡುಗಲಿಲ್ಲ; ಹಗುರಾಯಿತು.

ಕಂಡುಹಿಡಿದವಳು ನಾನಲ್ಲ.
ಮೊಂಬಾಸಾ ಬಂದರಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿ, ಮ್ವನೈದಿ:
‘ನಿಮ್ಮ ಪರೀಕ್ಷೆಯ ಕಡತದಲ್ಲಿ ನಮ್ಮೂರ ಗಡಿಯಾರ
ಬೇಸಿಗೆಗೆ ಒಂದು ಗಂಟೆ ಮುಂದೆ ಹೋಗುತ್ತದೆ.
ನಾವು ಹಾಗೆ ತಿರುಗಿಸುವುದೇ ಇಲ್ಲವಲ್ಲ,
ಇದು ಯಾವ ಮೊಂಬಾಸಾ?’

ಆ ಇಲ್ಲದ ಗಂಟೆಯೊಳಗೆ ಕೂತಿದ್ದೆ ನೀನು.
ಅಂಕಿಯೊಳಗೆ ಅಂಕಿ, ಅದರೊಳಗೊಂದು ಕಳ್ಳಗಿಂಡಿ,
ಹೊಸ ಆವೃತ್ತಿಯ ಜೊತೆ ಹೊರಟು ಆಗಲೇ ಹನ್ನೊಂದು ದಿನ.

ಮೂರು ರಾತ್ರಿ ನಿದ್ದೆಗೆಟ್ಟು ಮನೆಮನೆಗೂ ಹೇಳಿದೆ,
ನನ್ನ ಬಟ್ಟಲಿಂದ ಒಯ್ದದ್ದನ್ನು ಚೆಲ್ಲಿ.
ಕೆಲವರು ಬೈದರು.
ಕೆಲವರು ಒಯ್ದೇ ಇಲ್ಲ ಎಂದರು; ಹುಡುಕಿದರೆ ಇತ್ತು,
ಐದು ಕೈ ದಾಟಿ ಬಂದು.
ದೊಡ್ಡ ಕಂಪನಿಯೊಂದರ ವಕೀಲ ಕೇಳಿದ:
ನಿಮ್ಮ ಸಂಸ್ಥೆಯ ಭದ್ರತಾ ಅಧಿಕಾರಿ ಯಾರು?
ಅಡುಗೆಮನೆಯತ್ತ ನೋಡಿದೆ.
ಬೆಕ್ಕು ಇತ್ತು.

ಉಂಡ ಮನೆಗೆ ಎರಡು ಬಗೆದವನು ಅನ್ನೋಣವೆಂದರೆ
ನೀನು ಉಣ್ಣಲೇ ಇಲ್ಲ.
ಬಹುಶಃ ನೀನು ಒಬ್ಬನೂ ಅಲ್ಲ,
ಎಲ್ಲೋ ಪಾಳಿಯ ಮೇಲೆ ಕೂತ ನಾಲ್ವರು;
ಅವರಲ್ಲಿ ಯಾರಿಗೋ ನನ್ನ ಮಣಿಕಟ್ಟಿನ ನೋವನ್ನು
ಬರೆದಿಟ್ಟುಕೊಳ್ಳುವ ಕೆಲಸ.

ನಿನ್ನ ಸಾಲುಗಳನ್ನು ಒಂದೊಂದಾಗಿ ಅಳಿಸುತ್ತಾ
ಫೆಬ್ರವರಿ ಇಪ್ಪತ್ತೊಂಬತ್ತರ ಬಳಿ ನಿಂತೆ.
ತಿರುವಿ, ಮಗುಚಿ, ಬೆಳಕಿಗೆ ಹಿಡಿದು ನೋಡಿದೆ. ವಿಷವಿಲ್ಲ.
ನನ್ನ ಕೈಯಲ್ಲಿ ಇಷ್ಟು ಚೆಂದ ಆಗುತ್ತಿರಲಿಲ್ಲ.
ಉಳಿಸಿದೆ.
ಬರೆದವರ ಹೆಸರಿನ ಜಾಗ ಖಾಲಿ ಇದೆ.

ಇವತ್ತು ಎದುರುಮನೆಯ ಝಿವಿಲೆ ಬಟ್ಟಲು ಹಿಡಿದು ಬಂದಳು.
ಕೊಡುವ ಮುಂಚೆ ಮೂಸಿ ನೋಡಿದೆ.
ಅವಳು ಕಂಡಳು, ಏನೂ ಕೇಳಲಿಲ್ಲ.

ಮ್ವನೈದಿ ಒಂದು ತಿದ್ದುಪಡಿ ಕಳಿಸಿದ್ದಾಳೆ,
ಜೊತೆಗೆ ಒಂದು ಸಾಲು: ಈಗ ಕೈ ಹೇಗಿದೆ?
ನೀರು ಕಾಯಲು ಇಟ್ಟಿದ್ದೇನೆ.
ಇನ್ನೂ ಉತ್ತರ ಬರೆದಿಲ್ಲ.