ಹತ್ತಕ್ಕೆ, ಮೂರು ಚುಕ್ಕಿ

ಇಲ್ಲಿ ಹೆಸರಿನ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ.
ಕ್ಯಾಲೆಂಡರಿನಲ್ಲಿ ನಿನ್ನ ಹೆಸರು ಬಿದ್ದ ಸಂಜೆ
ನೆನಪಿದ್ದವರು ಬರುತ್ತಾರೆ, ಅಷ್ಟೆ.
ಬಾರದವರ ಲೆಕ್ಕ ಇಡಬಾರದು,
ಬಂದವರಿಗೆ ಕೇಕು ಸಾಲದೆ ಹೋಗಬಾರದು.

ಕರೆಯದವರಿಗೆ ಕಟ್ಟಳೆ ಬರೆಯುವುದು ಹೇಗೆ?

ರೀಗಾದಲ್ಲಿ, ದೌಗಾವಾ ನದಿಯ ಈಚೆ ದಡದಲ್ಲಿ,
ಮರದ ಮನೆ, ಮೂರನೇ ಅಂತಸ್ತು.
ಹಲಗೆ ನನ್ನ ಅಜ್ಜಿಗಿಂತ ಹಿರಿದು,
ಬೆಕ್ಕು ನಡೆದರೂ ಕೆಳಗೆ ಚಾಡಿ ಹೇಳುತ್ತದೆ.
ಕೆಳಗೆ ತೆಯೊದೋರ್ಸ್, ಬೇಕರಿಯವನು.
ಬೆಳಗಿನ ಜಾವ ಮೂರಕ್ಕೆ ಒಲೆ ಹೊತ್ತಿಸಬೇಕು,
ಎಂಟಕ್ಕೇ ದೀಪ ಆರಿಸುತ್ತಾನೆ.
ಹೋದ ವರ್ಷ ಪೊರಕೆಯ ಕೋಲಿನಿಂದ ಸೂರು ಕುಟ್ಟಿದ,
ಮೂರು ಸಲ.
ಮರುದಿನ ಮೆಟ್ಟಿಲಲ್ಲಿ ಸಿಕ್ಕಿ
'ಹೆಸರಿನ ದಿನ ಚೆನ್ನಾಗಾಯಿತೇ ಸ್ಕೈದ್ರೀತೆ?' ಎಂದ.
ಕುಟ್ಟಿದ್ದು ಮರೆತಿದ್ದೇನೆ, ಕೇಳಿದ್ದು ಮರೆತಿಲ್ಲ.

ಈ ಸಲ ಪೆನ್ಸಿಲು ಹಿಡಿದು ಕೂತೆ.
'ಬೂಟು ಕಳಚಿ' ಎಂದು ಬರೆದೆ. ಪೊಲೀಸರ ಮಾತಾಯಿತು.
'ದಯವಿಟ್ಟು' ಸೇರಿಸಿದೆ. ರೈಲು ನಿಲ್ದಾಣ.
ಪಕ್ಕದಲ್ಲೊಂದು ನಗುಮುಖ ಬಿಡಿಸಿದೆ. ಹಲ್ಲಿನ ಡಾಕ್ಟರ ಕೋಣೆ.
ಅಳಿಸಿ ಅಳಿಸಿ ಕಾಗದ ತೂತು ಬಿತ್ತು.
ನನ್ನ ಅತ್ತೆ ಬರೆಯುತ್ತಿರಲಿಲ್ಲ.
ಬಂದವರ ಕಾಲನ್ನೊಮ್ಮೆ ನೋಡುತ್ತಿದ್ದಳು,
ಅವರು ತಾವಾಗಿಯೇ ಹೊಸ್ತಿಲಾಚೆ ಹೋಗಿ
ಮತ್ತೆ ಒಳಗೆ ಬರುತ್ತಿದ್ದರು.
ಆ ನೋಟ ನನಗೆ ಬಳುವಳಿಯಾಗಿ ಬರಲಿಲ್ಲ,
ಬಂದದ್ದು ಅವಳ ಮೀನಿನ ತಟ್ಟೆ.

ಕೊನೆಗೆ ಬಾಗಿಲಿಗೆ ಅಂಟಿಸಿದ್ದು ಇಷ್ಟು:
ಬೂಟು ಇಲ್ಲಿ, ಉಣ್ಣೆಯ ಕಾಲುಚೀಲ ಬುಟ್ಟಿಯಲ್ಲಿ.
ಹಾಡಿದರೆ ಕೂತು ಹಾಡುವುದು.
ಕಿಟಕಿ ಪಕ್ಕದ ಹಲಗೆ ತುಳಿಯಬೇಡಿ.
ಬೆಕ್ಕಿಗೆ ಹೆರಿಂಗ್ ಮೀನು ಬೇಡ, ಉಂಡಿಲ್ಲವೆಂದು ಅದು ಸುಳ್ಳು ಹೇಳುತ್ತದೆ.
ಹತ್ತಕ್ಕೆ...
ಹತ್ತಕ್ಕೆ ಏನು? ಹೊರಡಿ ಎನ್ನಲು ಕೈ ಬರಲಿಲ್ಲ.
ಮೂರು ಚುಕ್ಕಿ ಹಾಗೇ ಬಿಟ್ಟೆ.

ಮೊದಲು ಬಂದವಳು ಬೀರುತಾ, ಏಳು ಹೂವಿನೊಡನೆ.
ಚೀಟಿ ಗಟ್ಟಿಯಾಗಿ ಓದಿದಳು,
ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದಳು.
ಗುನ್ವಾಲ್ಡಿಸ್ ಬೂಟು ಬಿಚ್ಚಲು ಹಿಂದೆ ಮುಂದೆ ನೋಡಿದ.
ಎರಡೂ ಹೆಬ್ಬೆರಳು ಹೊರಗೆ ಇಣುಕಿದವು.
ಹೆಂಡತಿ ಬಿಟ್ಟು ಹೋದದ್ದು ನಮಗೆ ತಿಳಿದದ್ದು ಹಾಗೆ.
ನೋಡದವಳಂತೆ ಬುಟ್ಟಿಯಿಂದ
ಕೆಂಪು ಪಟ್ಟಿಯ ದಪ್ಪ ಜೋಡಿ ತೆಗೆದು ಕೊಟ್ಟೆ.
ಒಂದು ಚೀಟಿ ಏನೇನು ಬಿಚ್ಚಿಸುತ್ತದೆಂದು
ಪೆನ್ಸಿಲು ಹಿಡಿದಾಗ ಯೋಚಿಸಿರಲಿಲ್ಲ.

ಒಂಬತ್ತು ಜನ ಸೇರಿದರು.
ಎಲ್ಲರೂ ಮಾತು ಕೇಳಿದರು, ಎಡವಟ್ಟಾದದ್ದು ಅಲ್ಲೇ.
ಚಮಚ ಬಟ್ಟಲಿಗೆ ತಾಗದಂತೆ ಸಕ್ಕರೆ ಕದಡಿದರು.
ಕೆಮ್ಮು ಬಂದಾಗ ಬೀರುತಾ ಬಚ್ಚಲಿಗೆ ಹೋದಳು.
ಕಿಟಕಿ ಪಕ್ಕದ ಹಲಗೆಯನ್ನು
ಅಲ್ಲಿ ಯಾರೋ ಮಲಗಿದ್ದಾರೆಂಬಂತೆ ದಾಟಿದರು.
ಕೇಕು ಚೆನ್ನಾಗಿದೆ ಎಂದರು, ಪಿಸುಮಾತಿನಲ್ಲಿ.
ಬೆಕ್ಕು ಒಬ್ಬೊಬ್ಬರ ಮುಖ ನೋಡಿ
ಕೊನೆಗೆ ನನ್ನ ಮುಖ ನೋಡಿತು.

ಒಂಬತ್ತೂವರೆಗೆ ಕದ ಬಡಿಯಿತು.
ತೆಯೊದೋರ್ಸ್. ಮಲಗುವ ಅಂಗಿ, ಮೇಲೊಂದು ಚಳಿಗಾಲದ ಕೋಟು,
ಚಪ್ಪಲಿ ಆಗಲೇ ಕೈಯಲ್ಲಿ.
'ಕ್ಷಮಿಸಿ' ಎಂದೆ, ಅವನು ಬಾಯಿ ತೆರೆಯುವ ಮೊದಲೇ.
'ಮೆಟ್ಟಿಲು ಹತ್ತಿದವರನ್ನು ಎಣಿಸಿದ್ದೆ, ಒಂಬತ್ತು,' ಎಂದ.
'ಆಮೇಲೆ ಸದ್ದೇ ಇಲ್ಲ. ನಿದ್ದೆ ಹತ್ತಲಿಲ್ಲ.
ಗ್ಯಾಸು ಗೀಸು ಸೋರಿತೋ ಏನೋ ಅಂತ...'

ಮೊದಲು ನಕ್ಕವನು ಗುನ್ವಾಲ್ಡಿಸ್,
ನಗುತ್ತ ನಗುತ್ತ ಹಿಂದೆ ಸರಿದು
ಆ ಹಲಗೆಯ ಮೇಲೇ ಕಾಲಿಟ್ಟ.
ಅದು ನೂರು ವರ್ಷದ ಕೊರಗನ್ನೆಲ್ಲ ಒಮ್ಮೆಗೇ ಹೇಳಿತು.
ಹೋದ ವರ್ಷ ಕುಟ್ಟಿದ್ದೇಕೆ ಎಂದು ನಾನು ಕೇಳಲಿಲ್ಲ,
ಚೀಟಿಯಲ್ಲಿ ಇಲ್ಲದ ಕಟ್ಟಳೆಯೂ ಇರುತ್ತದೆ.
ಮೀನಿನ ತಟ್ಟೆ ಅವನ ಮುಂದಿಟ್ಟೆ.
'ಹತ್ತಕ್ಕೆ ಏನು?' ಬಾಗಿಲ ಕಡೆ ತಿರುಗಿ ಅವನೇ ಕೇಳಿದ.
ನನಗೂ ಗೊತ್ತಿಲ್ಲ ಎಂದೆ.

ಎರಡೂಮುಕ್ಕಾಲಿಗೆ ನೆಟ್ಟಗೆ ಬೇಕರಿಗೇ ಹೋದ.
ಜೊತೆಗೆ ಗುನ್ವಾಲ್ಡಿಸ್, ನನ್ನ ಕಾಲುಚೀಲದ ಮೇಲೆಯೇ ಬೂಟು ಏರಿಸಿಕೊಂಡು.
ಇನ್ನೂ ಹಿಂದಿರುಗಿಸಿಲ್ಲ, ನಾನು ಕೇಳಲೂ ಇಲ್ಲ.
ಬೆಕ್ಕು ಎರಡು ದಿನ ಏನೂ ಮುಟ್ಟಲಿಲ್ಲ.
ಯಾರು ಕೊಟ್ಟರೆಂದು ಅದು ಬಾಯಿ ಬಿಡುವುದಿಲ್ಲ.