ಗಂಟು ಎಣಿಸುವವಳು

ಕಟಾನಿಂಗ್ ಊರಿನಲ್ಲಿ ಆಗಸ್ಟ್ ಚಳಿ.
ಡೋರೀನ್ ಕೆಸೆಲ್ ಎರಡು ಬಕೆಟ್ಟು ತಂದು ಕಟ್ಟೆಯ ಮೇಲಿಟ್ಟಳು:
ಮಣ್ಣು ಸಮೇತ ಕಿತ್ತ ಲೂಪಿನ್ ಗಿಡ,
ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಹಳದಿ.
"ಒಂದೇ ಹೊಲ, ಒಂದೇ ಬೀಜ, ಅದೇ ಮಳೆ.
ನಡುವೆ ಗೆರೆ ಎಳೆದ ಹಾಗಿದೆ. ಯಾರು ಎಳೆದರು ಹೇಳು."

ಬೇರು ತೊಳೆಯುವುದು ನನ್ನ ಕೆಲಸ.
ನಲ್ಲಿಯನ್ನು ಸಣ್ಣಗೆ ಬಿಡಬೇಕು,
ಹಸುಗೂಸಿನ ನೆತ್ತಿಗೆ ಹೊಯ್ಯುವಂತೆ, ಅಂಗೈ ಅಡ್ಡ ಹಿಡಿದು.
ಜೋರಾದರೆ ಗಂಟುಗಳು ಕಳಚಿ ಜಾಲರಿಗೆ ಬೀಳುತ್ತವೆ,
ಲೆಕ್ಕ ತಪ್ಪುತ್ತದೆ.

ಹಸಿರು ಗಿಡದ ಬುಡಕ್ಕೆ ಒತ್ತೊತ್ತಾಗಿ
ಹುರಿಗಡಲೆ ಮೆತ್ತಿದಂಥ ಒರಟು ಕೊರಳಪಟ್ಟಿ.
ಬ್ಲೇಡಿನಲ್ಲಿ ಒಂದನ್ನು ಸೀಳಿದೆ.
ಒಳಗೆ ಕೆಂಪು.
ಉಸಿರನ್ನು ಅಳೆದು ಅಳೆದು ಬಡಿಸುವ ಕೆಂಪು;
ಒಂದು ಗುಟುಕು ಹೆಚ್ಚಾದರೆ ಒಳಗಿನ ಕೆಲಸ ಕೆಡುತ್ತದೆ,
ಕಡಿಮೆಯಾದರೆ ಕೆಲಸದವರೇ ಉಳಿಯುವುದಿಲ್ಲ.
ಡೋರೀನ್ ಬಗ್ಗಿದಳು. "ರಕ್ತವಾ?"
"ದಾಯಾದಿ," ಅಂದೆ.

ಗಾಳಿಯ ಮುಕ್ಕಾಲು ಪಾಲಿಗೂ ಮಿಕ್ಕಿ ಸಾರಜನಕವೇ.
ಹೊಲದ ಮೇಲೆ ಟನ್ನುಗಟ್ಟಲೆ ನಿಂತಿದೆ,
ಎಲೆಗೆ ಒಂದು ಅಗುಳೂ ದಕ್ಕದು.
ಜೋಡಿಜೋಡಿಯಾಗಿ ತಿರುಗುವ ಪರಮಾಣುಗಳು,
ಪ್ರತಿ ಜೋಡಿಯ ನಡುವೆ ಮೂರು ಗಂಟು.
ನನ್ನ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.
ಗೊಬ್ಬರದ ಕಾರ್ಖಾನೆ ಬಿಚ್ಚುತ್ತದೆ,
ಕುಲುಮೆಯ ಕಾವು ಕೊಟ್ಟು, ಬೆಟ್ಟದ ಭಾರ ಹೇರಿ.
ಈ ತಣ್ಣನೆ ಕೆಸರಿನಲ್ಲಿ ಕಣ್ಣಿಗೆ ಕಾಣದವರು ಬಿಚ್ಚುತ್ತಾರೆ,
ಬೆಂಕಿಯಿಲ್ಲ, ಸದ್ದಿಲ್ಲ.
ಪುಕ್ಕಟೆಯೂ ಅಲ್ಲ:
ಗಿಡ ಸಕ್ಕರೆ ಸುರಿಯಬೇಕು, ಜೋಡಿಗೆ ಹದಿನಾರು ನಾಣ್ಯದ ಲೆಕ್ಕ.
ಪರ್ತ್‌ನ ವಕೀಲರು ನನ್ನಿಂದ ಹೆಚ್ಚೇ ತೆಗೆದುಕೊಂಡರು.

ಹಳದಿ ಗಿಡದ ಬೇರು ಬೋಳು.
ಅಲ್ಲೊಂದು ಇಲ್ಲೊಂದು ಪುಟ್ಟ ಗಂಟು;
ಸೀಳಿದರೆ ಮಾಸಲು ಬಿಳಿ. ಕೂತುಣ್ಣುವ ನೆಂಟರು.
"ಬೀಜಕ್ಕೆ ಕಪ್ಪು ಪುಡಿ ಬೆರೆಸಿದ್ದು ಯಾವಾಗ?"
"ಮೇ ತಿಂಗಳು. ಎರಡು ಚೀಲ.
ಒಂದು ಫ್ರಿಜ್ಜಿನಲ್ಲಿತ್ತು, ಹಾಲಿನ ಪಕ್ಕ. ಇನ್ನೊಂದು..."
ಡೋರೀನ್ ಮುಖ ಗಂಟಿಕ್ಕಿದಳು.
"ಇನ್ನೊಂದನ್ನು ಕ್ಲೈವ್ ಟ್ರಕ್ಕಿನ ಮುಂಗಾಜಿನ ಅಡಿ ಇಟ್ಟು
ಫುಟ್‌ಬಾಲ್ ನೋಡಲು ಹೋದ. ಇಡೀ ಮಧ್ಯಾಹ್ನ."

ಗಾಜಿನ ಹಿಂದೆ, ಬಿಸಿಲಲ್ಲಿ, ಕೋಟಿ ಕೋಟಿ ಜೀವ
ಮೈದಾನದ ಕೂಗು ಕೇಳುತ್ತ ಒಣಗಿದ್ದು
ನಮ್ಮಿಬ್ಬರಿಗೂ ಒಮ್ಮೆಲೇ ಕಂಡಿರಬೇಕು. ಸುಮ್ಮನಾದೆವು.
"ಅವನ ಟೀಮು ಸೋತಿತು ಬೇರೆ," ಅಂದಳು.

ಸೀಳಿದ ಗಂಟನ್ನು ಕಾಗದದಲ್ಲಿ ಸುತ್ತಿಕೊಂಡು ಹೋದಳು,
ಅವನಿಗೆ ತೋರಿಸಲು. ಅಷ್ಟರಲ್ಲಿ ಕಂದಾಗಿರುತ್ತದೆ, ಹೇಳಲಿಲ್ಲ.
ರಸ್ತೆಯಂಚಿನ ವಾಟಲ್ ಮರಗಳು ಹೂ ಸುರಿಸುತ್ತಿದ್ದವು,
ಅವಕ್ಕೆ ಯಾರೂ ಪುಡಿ ಬೆರೆಸಿಕೊಟ್ಟಿಲ್ಲ.

ರಾತ್ರಿ ಬೇಳೆ ತೊಳೆಯುವಾಗಲೂ ನಲ್ಲಿ ಸಣ್ಣಗೇ ಬಿಟ್ಟಿದ್ದೆ.
ಯಾವ ನಾಡಿನ ಯಾವ ಬೇರಲ್ಲಿ
ಯಾರು ಬಿಚ್ಚಿದ ಗಂಟೋ ಇದು, ಸಾರಾಗಲು ಬಂದಿದೆ.
ಒಬ್ಬಳಿಗೆ ಎಷ್ಟು ಹಿಡಿ ಅನ್ನುವುದು
ಇಷ್ಟು ವರ್ಷವಾದರೂ ಕೈಗೆ ಬಂದಿಲ್ಲ.