ಮುಟ್ಟಿತು

ಬೈತಖೋಲ ಬಂದರಿನ ಹಿಂದೆ, ಐಸ್ ಫ್ಯಾಕ್ಟರಿಯ ಗೋಡೆಗೆ ತಾಗಿ
ಇನಾಸನ ಅಂಗಡಿ.
ಮೇಜಿನ ಮೇಲೆ ಹಳೆ ಪೇಪರು ಹಾಸಿ ಎರಡು ಡಬ್ಬಿ, ಒಂದು ಚಿತ್ರ ಇಟ್ಟ.
ನಾವು ಮೀನಿನ ಕಿವಿರೆತ್ತಿ ಕೆಂಪು ತೋರಿಸುವ ಹಾಗೆ
ಬ್ಯಾಟರಿಯ ಮುಚ್ಚಳ ಎತ್ತಿ ತೋರಿಸಿದ.

ಇದು ಮಾತಾಡುತ್ತದೆ ಗುಲಾಬಕ್ಕ,
ದೇವಗಡದ ದೀಪ ಮರೆಯಾಗಿ ಒಂದಷ್ಟು ಹೊತ್ತಿನವರೆಗೆ. ಆಮೇಲೆ ಮೂಕ.
ಈ ಚಿತ್ರದಲ್ಲಿರುವುದು ಎಲ್ಲಿಂದಲೂ ಮಾತಾಡುತ್ತದೆ, ಆಕಾಶ ಹಾಯ್ದು.
ಆದರೆ ಲೈಸೆನ್ಸಿಲ್ಲದೆ ಇಟ್ಟುಕೊಂಡರೆ
ನಿಮ್ಮನ್ನು ಹುಡುಕಿಕೊಂಡು ಮೊದಲು ಬರುವವರು ಪೊಲೀಸರು.
ಇದು ಮಾತೇ ಆಡುವುದಿಲ್ಲ. ಒತ್ತಿದರಾಯಿತು,
ಮೇಲೆ ಉಪಗ್ರಹ ಕೇಳಿಸಿಕೊಳ್ಳುತ್ತದೆ.

ಕೇಳಿಸಿಕೊಂಡಿತು ಅಂತ ಒತ್ತಿದವನಿಗೆ ಯಾರು ಹೇಳುತ್ತಾರೆ?
ನಾನು ಕೇಳಿದ್ದು ಅದೊಂದೇ.

ಹೋದ ವರ್ಷ ನಮ್ಮ ಬೋಟಿನಲ್ಲಿದ್ದದ್ದು ಹಳೆಯ ನಮೂನೆ.
ನಾಲ್ಕು ಗುಂಡಿ: ಬೆಂಕಿ, ಮುಳುಗಡೆ, ಕಾಯಿಲೆ, ಇನ್ನೊಂದು ನೆನಪಿಲ್ಲ.
ಬಲೆ ಎಳೆಯುವ ವಿಂಚಿಗೆ ನನ್ನ ತಮ್ಮ ದಾಮುವಿನ ಕೈ ಸಿಕ್ಕಿತು.
ತಾಂಡೇಲನೇ ಬಿದ್ದ. ಉಳಿದವರು ಬಲೆ ಕಡಿಯುತ್ತಿದ್ದರು.
ಗುಂಡಿಯ ಹತ್ತಿರ ಇದ್ದವನು ಸೋಮ್ರಾ,
ಝಾರ್ಖಂಡದ ಹುಡುಗ, ಹತ್ತೊಂಬತ್ತು ವರ್ಷ,
ಕಡಲು ನೋಡಿ ಹತ್ತೊಂಬತ್ತು ವಾರ ಆಗಿರಲಿಲ್ಲ.
ಓದಲು ಬರದು. ನಾಲ್ಕನ್ನೂ ಒತ್ತಿದ.

ದಡದಲ್ಲಿ ನನಗೆ ಬಂದ ಸುದ್ದಿ:
ಬೋಟು ಉರಿಯುತ್ತಿದೆ. ಬೋಟು ಮುಳುಗುತ್ತಿದೆ.
ಎರಡೂ ಒಟ್ಟಿಗೆ ಹೇಗೆ ಎಂದು
ಮಾರ್ಕೆಟಿನಲ್ಲಿ ಬುಟ್ಟಿ ಮುಂದಿಟ್ಟುಕೊಂಡು
ಏಳು ತಾಸು ಯೋಚಿಸಿದ್ದೇನೆ.
ಯಾರೋ ಬಂದು ಬಂಗುಡೆ ಕೇಳಿದರು, ಕೊಟ್ಟೆ.
ಚಿಲ್ಲರೆಯನ್ನೂ ಸರಿಯಾಗಿಯೇ ಕೊಟ್ಟೆ.

ಅಲ್ಲಿ ಅವನು ದಾಮುವಿನ ಕೈಗೆ ತನ್ನ ಲುಂಗಿ ಸುತ್ತಿ
ಒಂದು ಕೈಯಲ್ಲಿ ಅದನ್ನು ಬಿಗಿಹಿಡಿದು
ಇನ್ನೊಂದರಲ್ಲಿ ಒತ್ತುತ್ತಲೇ ಇದ್ದ.
ಡಬ್ಬಿ ಕಲ್ಲಿನ ಹಾಗೆ ಕೂತಿತ್ತು.
ಮೊದಲ ಸಲಕ್ಕೇ ಮುಟ್ಟಿತ್ತಂತೆ, ಆಮೇಲೆ ಸಾಹೇಬರು ಹೇಳಿದರು,
ಹಡಗು ಹೊರಟೂ ಆಗಿತ್ತಂತೆ.
ಅದು ಅವನಿಗೆ ಹೇಗೆ ಗೊತ್ತಾಗಬೇಕು?
ಕೋಸ್ಟ್ ಗಾರ್ಡಿನವರು ಬೋಟು ಹತ್ತಿದಾಗಲೂ ಒತ್ತುತ್ತಿದ್ದ,
ಬೆರಳನ್ನು ಬಿಡಿಸಿ ತೆಗೆಯಬೇಕಾಯಿತು.
ದಾಮುವಿನ ಬಲಗೈಗೆ ಈಗ ಮೂರೇ ಬೆರಳು.
ಚುಕ್ಕಾಣಿಗೆ ಸಾಕು ಅನ್ನುತ್ತಾನೆ.

ಅದಕ್ಕೇ ಈ ಸಲ ಸೋಮ್ರಾನನ್ನೇ ಕರೆದುಕೊಂಡು ಬಂದೆ.
ದುಡ್ಡು ನನ್ನದು. ಒತ್ತುವ ಬೆರಳು ಅವನದು, ಅವನೇ ಆರಿಸಲಿ.

ಇನಾಸ್ ಕಪಾಟು ತಡಕಾಡಿ ಮತ್ತೊಂದು ತೆಗೆದ.
ಗುಂಡಿ ಒಂದೇ, ಪಕ್ಕದಲ್ಲಿ ಸಾಸಿವೆಯಷ್ಟು ದೀಪ.
ಅತ್ತ ಮುಟ್ಟಿದರೆ ಇತ್ತ ಹಸಿರು ಹತ್ತುತ್ತದೆ.
ದರ? ಒಂದು ಟ್ರಿಪ್ಪಿನ ಡೀಸೆಲ್ಲಿಗಿಂತ ಕಮ್ಮಿ,
ಹಾಗಂತ ಅವನೇ ಹೇಳಿದ್ದು, ನಾನು ಐನೂರು ಬಿಡಿಸಿದೆ.

ಹತ್ತಿದರೆ ಹಡಗು ಬಂತು ಅಂತಲೇ? ಸೋಮ್ರಾ ಕೇಳಿದ,
ಅರ್ಧ ಹಿಂದಿ, ಅರ್ಧ ಕೊಂಕಣಿ.
ಅಲ್ಲ. ಗಾಳಿ ಎದುರಿದ್ದರೆ ಹತ್ತು ತಾಸಾದರೂ ಆದೀತು.
ಹತ್ತಿದರೆ ಮುಟ್ಟಿತು, ಅಷ್ಟೇ.
ಅವನು ಆ ಮಾತನ್ನು ಬಾಯಲ್ಲಿಟ್ಟು ನೋಡಿದ: ಮುಟ್ಟಿತು.
ಅವನಿಗೆ ಬರುವ ಹನ್ನೊಂದನೆಯದೋ ಹನ್ನೆರಡನೆಯದೋ ಕನ್ನಡ ಶಬ್ದ,
ಮೊದಲಿನವೆಲ್ಲ ಬಲೆ, ಊಟ, ಬೈಗುಳ.

ಫಾರಮಿನಲ್ಲಿ ಒಂದು ಗೆರೆ: ತುರ್ತಿಗೆ ಯಾರಿಗೆ ತಿಳಿಸಬೇಕು.
ನನ್ನ ನಂಬರು ಹಾಕಿದೆ.
ಕೆಳಗೆ ಜಾಗವಿರಲಿಲ್ಲ, ಅಂಚಿನಲ್ಲಿ ಅಡ್ಡ ಬರೆಸಿದೆ
ಖೂಂಟಿಯ ಆಚೆಯ ಒಂದು ಕಿರಾಣಿ ಅಂಗಡಿಯ ನಂಬರು;
ಅಲ್ಲಿಂದ ಕೂಗಿದರೆ ಅವನ ಅವ್ವನಿಗೆ ಕೇಳುತ್ತದೆ.
ಕಂಪ್ಯೂಟರು ಅಂಚನ್ನು ಓದುವುದಿಲ್ಲ ಅಕ್ಕ, ಅಂದ ಇನಾಸ್.
ಇರಲಿ, ಬರೆ ಅಂದೆ.

ತಗಡಿನ ಮಾಡಿನ ಕೆಳಗೆ ಪರೀಕ್ಷೆ ಆಗುವುದಿಲ್ಲ, ಆಕಾಶ ಕಾಣಬೇಕು.
ಜೆಟ್ಟಿಗೆ ಹೋಗಿ ನಿಂತೆವು.
ಮೀನಿನ ಲಾರಿಯೊಂದು ನೀರು ಸುರಿಸುತ್ತ ಹಿಮ್ಮುಖ ಬರುತ್ತಿತ್ತು,
ಸರಿಯಿರಿ ಅಂತ ಯಾರೋ ಬೈದರು.
ಸೋಮ್ರಾ ಒತ್ತಿದ.
ಅರ್ಧ ಬೀಡಿ ಉರಿಯುವಷ್ಟು ಹೊತ್ತು ಏನೂ ಇಲ್ಲ.
ಅವನ ಉಗುರು ಬೆಳ್ಳಗಾಗುತ್ತಿತ್ತು.

ಆಮೇಲೆ ಹಸಿರು.
ಯಾರೂ ಬಿಡಿಸಲಿಲ್ಲ,
ಬೆರಳು ತಾನೇ ಎದ್ದಿತು.